ಸತ್ತ ಬುಶ್‌ಗಳನ್ನು ಎರಡು ಗುಡ್ಡೆ ಮಾಡಿದ ದಿನ

ಬೆಂಗಳೂರಿನಲ್ಲಿ ಮಕ್ಕಳಿಗೆ ಸ್ಕೇಟ್‌ಬೋರ್ಡ್ ಕಲಿಸುವ ಒಂದು ಜಾಗದಲ್ಲಿ ಬೋರ್ಡ್ ರಿಪೇರಿ ನನ್ನ ಕೆಲಸ. ಅದಕ್ಕೂ ಮೊದಲು ಆರು ವರ್ಷ ಬೈಕ್ ಗ್ಯಾರೇಜಿನಲ್ಲಿದ್ದೆ. ಇಲ್ಲಿ ಮಕ್ಕಳಿಗೆ ಕೊಡುವ ಬೋರ್ಡ್ 24 ಇವೆ. ಒಂದು ಬೋರ್ಡಿಗೆ ಎರಡು ಟ್ರಕ್, ಒಂದು ಟ್ರಕ್ಕಿಗೆ ಎರಡು ಬುಶ್. ಒಟ್ಟು 96 ಬುಶ್. ಹೋದ ವರ್ಷ ಬೇಸಿಗೆ ಶಿಬಿರ ಮುಗಿಯುವ ಹೊತ್ತಿಗೆ ಅದರಲ್ಲಿ 41 ಹಾಳಾಗಿದ್ದವು. ಎರಡು ತಿಂಗಳೂ ಆಗಿರಲಿಲ್ಲ.

ಟ್ರಕ್ ಅಂದರೆ ಬೋರ್ಡಿನ ಕೆಳಗೆ ಚಕ್ರ ಹಿಡಿದುಕೊಂಡಿರುವ ಲೋಹದ ಭಾಗ. ಮರಕ್ಕೆ ಕೂರುವುದು ಬೇಸ್‌ಪ್ಲೇಟ್. ಚಕ್ರದ ಆಕ್ಸಲ್ ಇರುವುದು ಹ್ಯಾಂಗರ್. ಎರಡನ್ನೂ ಸೇರಿಸಿ ಹಿಡಿಯುವ ದಪ್ಪ ಬೋಲ್ಟ್ ಕಿಂಗ್‌ಪಿನ್. ಆ ಕಿಂಗ್‌ಪಿನ್ನಿಗೆ ಹ್ಯಾಂಗರಿನ ಕೆಳಗೊಂದು, ಮೇಲೊಂದು ಬುಶ್ ಪೋಣಿಸಿರುತ್ತಾರೆ. ಪಾಲಿಯುರೆಥೇನ್‌ನದು, ಮುಟ್ಟಿದರೆ ಗಟ್ಟಿ ರಬ್ಬರಿನ ಹಾಗೆ. ನೀವು ಬೋರ್ಡಿನ ಮೇಲೆ ಒಂದು ಕಡೆ ವಾಲಿದರೆ ಬುಶ್ ಒಂದು ಮಗ್ಗುಲು ಅಮುಕಿಕೊಂಡು ಹ್ಯಾಂಗರ್ ತಿರುಗುತ್ತದೆ. ವಾಲುವುದು ಬಿಟ್ಟರೆ ಮತ್ತೆ ನೆಟ್ಟಗಾಗುತ್ತದೆ. ಇದು ಹಳೇ ವಿದ್ಯೆ. 1863ರಲ್ಲಿ ನ್ಯೂಯಾರ್ಕಿನ ಜೇಮ್ಸ್ ಪ್ಲಿಂಪ್ಟನ್ ಚಕ್ರದ ಸ್ಕೇಟಿಗೆ ರಬ್ಬರ್ ದಿಂಬು ಕೊಟ್ಟು, ವಾಲಿದ ಕಡೆ ತಿರುಗುವ ಹಾಗೆ ಮಾಡಿದ. ಇವತ್ತಿನ ಟ್ರಕ್ಕಿನಲ್ಲೂ ಇರುವುದು ಅದೇ ಉಪಾಯ.

ಬುಶ್ ಹಾಳಾದರೆ ಏನಾಗುತ್ತದೆ? ಬೋರ್ಡ್ ಒಂದು ಕಡೆ ಎಳೆಯುತ್ತದೆ. ಮಗು ನೆಟ್ಟಗೆ ನಿಂತಿದ್ದರೂ ಬೋರ್ಡ್ ಎಡಕ್ಕೆ ಹೋಗುತ್ತದೆ. ಎಂಟು ವರ್ಷದ ಹುಡುಗಿಗೆ ಅದು ಬೋರ್ಡಿನ ತಪ್ಪು ಅಂತ ಗೊತ್ತಾಗಲ್ಲ. ತನಗೆ ಬರಲ್ಲ ಅಂದುಕೊಳ್ಳುತ್ತಾಳೆ. ನನಗೆ ಸಹಿಸಲು ಆಗದೇ ಇದ್ದದ್ದು ಇದೇ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಜಪಾನಿನ ಮೊಮಿಜಿ ನಿಶಿಯಾ 13ನೇ ವಯಸ್ಸಿಗೆ ಚಿನ್ನ ಗೆದ್ದಳು. ಆ ವಿಡಿಯೋ ನೋಡಿಕೊಂಡು ಬರುವ ಹುಡುಗಿಯರು ಈಗಲೂ ಇದ್ದಾರೆ. ಅಂಥವಳ ಕಾಲ ಕೆಳಗೆ ಎಡಕ್ಕೆ ಎಳೆಯುವ ಬೋರ್ಡ್ ಕೊಡುವುದು ಅನ್ಯಾಯ.

ಮೊದಲು ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಹಳೇದು ಬಿಚ್ಚಿಟ್ಟು ಹೊಸದು ಹಾಕಿದೆ. ಮೂರು ವಾರಕ್ಕೆ ಅವೂ ಕಿತ್ತವು. ಆಮೇಲೆ ಇನ್ನೂ ಗಟ್ಟಿ ಬುಶ್ ತರಿಸಿದೆ. ಬುಶ್ಶಿನ ಗಟ್ಟಿತನವನ್ನು 78A, 90A ಅಂತ ಅಳೆಯುತ್ತಾರೆ, ಅಂಕಿ ಹೆಚ್ಚಾದಷ್ಟೂ ಗಟ್ಟಿ. ನಮ್ಮ ಬೋರ್ಡಿನಲ್ಲಿ ಬಂದದ್ದು 90A. ನಾನು 95A ಹಾಕಿದೆ. ಮಕ್ಕಳಿಗೆ ಬೋರ್ಡ್ ತಿರುಗಿಸಲಿಕ್ಕೇ ಆಗಲಿಲ್ಲ, ಬುಶ್ ಮಾತ್ರ ಹಾಗೇ ಸೀಳಿತು.

ಆಗ ಪೀಣ್ಯದಲ್ಲಿ ಲೇತ್ ಇಟ್ಟಿರುವ, ಗ್ಯಾರೇಜ್ ಕಾಲದಿಂದ ಪರಿಚಯದ ಅಣ್ಣನ ಹತ್ತಿರ ಹೋದೆ. ಬುಶ್ಶಿಗೆ ಏನಾದರೂ ಬೇರೆ ಆಕಾರ ಕಡೆದು ಕೊಡಿ ಅಂತ ಕೇಳುವುದು ನನ್ನ ಯೋಚನೆ. ಅವರು ನಾಲ್ಕು ಬುಶ್ ಕೈಗೆ ತಗೊಂಡು ನೋಡಿ, "ಬುಶ್ ತೋರಿಸ್ತಿದ್ದೀಯ, ಇದರ ಮೇಲೆ ಕೂರೋ ವಾಷರ್ ಎಲ್ಲಪ್ಪಾ?" ಅಂದರು.

ನಾನು ವಾಷರ್ ತಗೊಂಡೇ ಹೋಗಿರಲಿಲ್ಲ.

ಮಾರನೇ ದಿನ 41 ಬುಶ್ಶನ್ನೂ ಅವುಗಳ ವಾಷರನ್ನೂ ಮೇಜಿನ ಮೇಲೆ ಸುರಿದುಕೊಂಡು ಕೂತೆ. ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದೆ. ಅರ್ಧ ಗಂಟೆಯಲ್ಲಿ ತಾನಾಗೇ ಎರಡು ಗುಡ್ಡೆ ಆದವು. ಮೊದಲ ಗುಡ್ಡೆಯ ಬುಶ್ಶಿನ ಮೇಲ್ಮೈಯಲ್ಲಿ ಬಳೆಯ ಹಾಗೆ ದುಂಡಗಿನ ಗಾಯ. ಬ್ಲೇಡಿನಿಂದ ಗೀರಿದಷ್ಟು ಸಪೂರ, ಉಗುರು ತೂರುವಷ್ಟು ಆಳ. ಎರಡನೇ ಗುಡ್ಡೆಯಲ್ಲಿ ಹೊರಗೆ ಏನೂ ಆಗಿರಲಿಲ್ಲ. ಒಳಗಿನ ತೂತು ಮಾತ್ರ ಅಂಡಾಕಾರಕ್ಕೆ ತಿರುಗಿತ್ತು, ಒಳಗೋಡೆಯಲ್ಲಿ ಥ್ರೆಡ್ಡಿನ ಗೆರೆಗಳು ಅಚ್ಚೊತ್ತಿದ್ದವು. ಮೊದಲನೇದು 29, ಎರಡನೇದು 12.

ಟ್ರಕ್ ನಂಬರ್ ಬರೆದಿಟ್ಟುಕೊಂಡಿದ್ದೆ. ಹಾಗಾಗಿ ಯಾವ ಬುಶ್ ಯಾವ ಬೋರ್ಡಿನದು ಅಂತ ಗೊತ್ತಿತ್ತು. ಬಳೆ ಗಾಯದ್ದೆಲ್ಲ ಕಿಂಗ್‌ಪಿನ್ನಿನ ನಟ್ ಬಿಗಿದಿದ್ದ ಬೋರ್ಡ್. ತೂತು ಹಿಗ್ಗಿದ್ದೆಲ್ಲ ನಟ್ ಸಡಿಲ ಬಿಟ್ಟಿದ್ದ ಬೋರ್ಡ್.

ಬಿಗಿದದ್ದು ಯಾರು? ನಾನೇ. ಮೊದಲ ದಿನ ಮಗು ಬೋರ್ಡ್ ಮೇಲೆ ನಿಂತಾಗ ಸ್ವಲ್ಪ ಅಲುಗಾಡುತ್ತದೆ. ಅಮ್ಮ ಬಂದು, "ಸರ್, ಸ್ವಲ್ಪ ಟೈಟ್ ಮಾಡಿಕೊಡಿ, ಬಿದ್ದುಬಿಡ್ತಾಳೆ" ಅನ್ನುತ್ತಾರೆ. ನಾನು ಸ್ಪ್ಯಾನರ್ ತಗೊಂಡು ಎರಡು ಸುತ್ತು ಬಿಗಿಯುತ್ತಿದ್ದೆ. ಬಿಗಿದಷ್ಟೂ ಬುಶ್ ಹೊಟ್ಟೆ ಉಬ್ಬಿಸಿಕೊಂಡು ವಾಷರಿನ ಅಂಚಿನ ಮೇಲೆ ಚಾಚುತ್ತದೆ. ಈ ವಾಷರ್ ಚಪ್ಪಟೆ ಅಲ್ಲ, ಸಣ್ಣ ತಟ್ಟೆಯ ಹಾಗೆ ಅಂಚು ಎದ್ದಿರುತ್ತದೆ, ಕಪ್ ವಾಷರ್ ಅಂತಾರೆ. ಚಾಚಿದ ಬುಶ್ಶನ್ನು ಆ ಅಂಚು ಪ್ರತಿ ತಿರುವಿನಲ್ಲೂ ಕೊಯ್ಯುತ್ತದೆ. ಬೇಸ್‌ಪ್ಲೇಟ್ ಮೇಲೆ ಯಾವಾಗಲೂ ಕಿತ್ತಳೆ ಬಣ್ಣದ ಪುಡಿ ಬಿದ್ದಿರುತ್ತಿತ್ತು. ಪೆನ್ಸಿಲ್ ಬರಹ ಅಳಿಸಿದಾಗ ಉದುರುತ್ತಲ್ಲ, ಅಂಥದ್ದು. ದಿನಾ ಬಟ್ಟೆಯಲ್ಲಿ ಒರೆಸಿದ್ದೇನೆ. ಎಲ್ಲಿಂದ ಬರುತ್ತಿದೆ ಅಂತ ಒಂದು ದಿನವೂ ನೋಡಿರಲಿಲ್ಲ.

ವಾಷರ್ ತಗೊಂಡು ಮತ್ತೆ ಪೀಣ್ಯಕ್ಕೆ ಹೋದೆ. ಅಣ್ಣ ಅದರ ಅಂಚಿಗೆ ನನ್ನ ಬೆರಳನ್ನೇ ಹಿಡಿದು ಆಡಿಸಿದರು. ಒಂದು ಕಡೆ ನುಣುಪು, ಇನ್ನೊಂದು ಕಡೆ ಚರ್ಮ ಕಚ್ಚುವಷ್ಟು ಹರಿತ. ಶೀಟಿನಿಂದ ಪಂಚ್ ಹೊಡೆದು ತೆಗೆದ ಯಾವ ಭಾಗಕ್ಕೂ ಹೀಗೇ. ಒಂದು ಕಡೆ ಅಂಚು ದುಂಡಗಾಗುತ್ತದೆ, ಇನ್ನೊಂದು ಕಡೆ ಬರ್ರ್, ಅಂದರೆ ಲೋಹದ ಹರಿತ ಸಿಬಿರು, ಏಳುತ್ತದೆ. ನಮ್ಮ ವಾಷರಿನಲ್ಲಿ ಬರ್ರ್ ಇದ್ದದ್ದು ಸರಿಯಾಗಿ ಬುಶ್ಶಿನ ಕಡೆಗೇ.

ಬರ್ರ್ ತೆಗೆಯುವುದು ಕಷ್ಟ ಅಲ್ಲ. ಸಣ್ಣ ಅರದಲ್ಲಿ ಅಂಚಿನ ಸುತ್ತ ಎರಡು ಸಲ ಎಳೆದೆ. ಆಮೇಲೆ ಗಾಜಿನ ಮೇಲೆ 400 ನಂಬರ್ ವಾಟರ್ ಪೇಪರ್ ಇಟ್ಟು, ನೀರು ಹಾಕಿ ವಾಷರನ್ನು ಬೋರಲು ಉಜ್ಜಿದೆ. ಕೊನೆಗೆ ಪೇಪರನ್ನು ಬೆರಳಿಗೆ ಸುತ್ತಿ ಒಳ ಅಂಚನ್ನು ದುಂಡಗೆ ಮಾಡಿದೆ. ಹತ್ತಿ ಮೇಲೆ ಎಳೆದು ನೋಡುತ್ತೇನೆ. ಒಂದು ಎಳೆಯೂ ಸಿಕ್ಕಿಕೊಳ್ಳಬಾರದು. ಒಂದು ವಾಷರಿಗೆ ನಾಲ್ಕು ನಿಮಿಷ ಸಾಕು.

ಬುಶ್ಶಿನ ಮೂಲೆ ಸವರುವುದೇ ಜಾಸ್ತಿ ಕಷ್ಟ. ಮೇಲ್ಮೈಯ ಹೊರ ಅಂಚನ್ನು ಒಂದು ಮಿಲಿಮೀಟರಿನಷ್ಟು ಇಳಿಜಾರು ಮಾಡಿದರೆ, ಉಬ್ಬಿದಾಗಲೂ ಅದು ವಾಷರಿನ ಅಂಚಿಗೆ ತಾಗುವುದು ಕಡಿಮೆ. ಮೊದಲ ಎಂಟನ್ನು ನಾನು ಚಾಕುವಿನಲ್ಲಿ ಕೆತ್ತಿದೆ. ವಾರದೊಳಗೆ ಎಂಟೂ ಸೀಳಿದವು. ಚಾಕು ಬಿಟ್ಟ ಸಣ್ಣ ಕಚ್ಚುಗಳಿಂದಲೇ ಸೀಳು ಶುರುವಾಗಿತ್ತು. ಇಂಥ ವಸ್ತುವಿಗೆ ಒಂದು ಕಚ್ಚು ಸಿಕ್ಕರೆ ಸಾಕು, ಬಟ್ಟೆ ಹರಿದ ಹಾಗೆ ಅಲ್ಲಿಂದ ಹರಿಯುತ್ತಾ ಹೋಗುತ್ತದೆ. ಆಮೇಲೆ ಬುಶ್ಶನ್ನು ಬೋಲ್ಟಿಗೆ ಹಾಕಿ, ಡ್ರಿಲ್ಲಿಗೆ ಕಚ್ಚಿಸಿ, ತಿರುಗುವಾಗ ಪೇಪರ್ ಹಿಡಿದೆ. ಬಿಸಿಗೆ ಮೇಲ್ಮೈ ಅಂಟಂಟಾಗಿ ಪೇಪರ್ ತುಂಬಿಕೊಂಡಿತು. "ರಾತ್ರಿ ಫ್ರೀಜರಲ್ಲಿಡು, ಬೆಳಿಗ್ಗೆ ತೆಗೆದ ತಕ್ಷಣ ಮಾಡು, ಸ್ಪೀಡ್ ಕಮ್ಮಿ ಇರ್ಲಿ" ಅಂದರು ಅಣ್ಣ. ಮನೆಯ ಫ್ರೀಜರಿನಲ್ಲಿ ಡಬ್ಬಿ ತುಂಬ ಬುಶ್ ಇಟ್ಟೆ. ತಣ್ಣಗಾದರೆ ಪಾಲಿಯುರೆಥೇನ್ ಬಿಗಿಯಾಗುತ್ತದೆ, ಪೇಪರಿಗೆ ಒಣ ಪುಡಿಯಾಗಿ ಉದುರುತ್ತದೆ. ನಾಲ್ಕೈದು ಮಾಡುವಷ್ಟರಲ್ಲಿ ಉಳಿದವು ಬೆಚ್ಚಗಾಗುತ್ತವೆ. ಅದಕ್ಕೇ ಐದೈದೇ ತೆಗೆಯಬೇಕು. ಅಂಚು ಮಾತ್ರ ಸವರಬೇಕು, ಎತ್ತರ ಮುಟ್ಟಬಾರದು. ಎತ್ತರ ಕಮ್ಮಿಯಾದರೆ ಇಡೀ ಟ್ರಕ್ ಕೂರುವ ರೀತಿಯೇ ಬದಲಾಗುತ್ತದೆ.

ಇಷ್ಟೆಲ್ಲ ಮಾಡಿದರೂ ನಟ್ ಮೊದಲಿನ ಹಾಗೇ ಬಿಗಿದರೆ ಸುಮ್ನೆ ದಂಡ. 22 ಕೆಜಿ ತೂಕದ ಮಗುವಿಗೆ 90A ಬುಶ್ ಬಿಗಿಯದೇ ಇದ್ದರೂ ಸಾಕಷ್ಟು ಗಟ್ಟಿ. ಈಗ ಮೊದಲ ದಿನದ ಮಕ್ಕಳ ಬೋರ್ಡಿಗೆ 90A ಇಡುತ್ತೇನೆ. ವಾಷರ್ ಕೈಯಲ್ಲಿ ತಿರುಗಿಸಿದರೆ ತಿರುಗಬಾರದು, ಬುಶ್ಶಿನ ಹೊಟ್ಟೆಯೂ ಉಬ್ಬಬಾರದು. ಅಲ್ಲಿಗೆ ನಟ್ ನಿಲ್ಲಿಸುತ್ತೇನೆ. ತಿರುವು ಕಲಿಯುವ ಮಕ್ಕಳಿಗೆ 80A ಆಸುಪಾಸಿನ ಮೆತ್ತಗಿನ ಬುಶ್ ಬೇರೆಯೇ ಹಾಕಿದೆ. ಮೊದಲು ಅವರು ಗಟ್ಟಿ ಬುಶ್ಶನ್ನೇ ತಿರುಗಿಸಬೇಕು ಅಂತ ನಟ್ ಸಡಿಲ ಮಾಡಿಕೊಳ್ಳುತ್ತಿದ್ದರು. ಎರಡನೇ ಗುಡ್ಡೆ ಹುಟ್ಟಿದ್ದೇ ಅಲ್ಲಿ. ಸಡಿಲ ಇದ್ದಾಗ ಬುಶ್ ಕಿಂಗ್‌ಪಿನ್ನಿನ ಮೇಲೆ ಜಾರಾಡುತ್ತದೆ, ಮೇಲ್ತುದಿಯ ಥ್ರೆಡ್ ಅರದ ಹಾಗೆ ಒಳಗೋಡೆಯನ್ನು ತಿನ್ನುತ್ತದೆ.

ಸಡಿಲ ಬಿಡುವವರಿಗೆ ಇನ್ನೊಂದು ಮಾತು. ಕಿಂಗ್‌ಪಿನ್ ನಟ್ಟಿನ ಮೇಲ್ಭಾಗದಲ್ಲಿ ನೈಲಾನ್ ಬಳೆ ಇರುತ್ತದೆ. ಕಂಪನಕ್ಕೆ ನಟ್ ಬಿಚ್ಚಿಕೊಳ್ಳದೇ ಇರುವುದು ಅದರ ಹಿಡಿತದಿಂದ. ಕಿಂಗ್‌ಪಿನ್ನಿನ ತುದಿ ಆ ನೈಲಾನ್ ದಾಟಿ ಹೊರಗೆ ಕಾಣಲೇಬೇಕು. ಕಾಣದಿದ್ದರೆ ಆ ಬೋರ್ಡ್ ಓಡಿಸಬೇಡಿ. ಬರೀ ಬೆರಳಲ್ಲಿ ತಿರುಗುವ ನಟ್ ಸಿಕ್ಕರೆ ನಾನು ಆ ಕ್ಷಣವೇ ಬದಲಿಸುತ್ತೇನೆ.

ಎಣ್ಣೆ ವಿಷಯವೂ ಹೇಳಬೇಕು. ಟ್ರಕ್ ಕಿರುಗುಟ್ಟಿದರೆ ನಮ್ಮಲ್ಲೊಬ್ಬ ಹುಡುಗ ಬೈಕ್ ಚೈನಿನ ಸ್ಪ್ರೇ ಹೊಡೆಯುತ್ತಿದ್ದ. ಎಣ್ಣೆಗೆ ಕಾಂಕ್ರೀಟ್ ಧೂಳು ಅಂಟಿ ಗ್ರೈಂಡಿಂಗ್ ಪೇಸ್ಟ್ ಆಗುತ್ತದೆ. ಸ್ಪ್ರೇಯಲ್ಲಿರುವ ಪೆಟ್ರೋಲಿಯಂ ದ್ರಾವಕ ಪಾಲಿಯುರೆಥೇನಿಗೂ ಒಳ್ಳೇದಲ್ಲ. ಆ ಶಬ್ದ ಹೆಚ್ಚಾಗಿ ಬರುವುದು ಹ್ಯಾಂಗರಿನ ಮೂತಿ ಕೂರುವ ಪಿವಟ್ ಕಪ್ಪಿನಿಂದ. ಒಣ ಸೋಪನ್ನು ತುರಿದು ಅದರೊಳಗೆ ಒಂದು ಚಿಟಿಕೆ ಹಾಕಿದರೆ ಸಾಕು.

ಒಬ್ಬ ಅಮ್ಮ ಮೊನ್ನೆಯೂ ಟೈಟ್ ಮಾಡಿ ಅಂದರು. ನಾನು ಸ್ಪ್ಯಾನರ್ ತೆಗೆಯಲಿಲ್ಲ. "ಮೇಡಂ, ಎರಡು ನಿಮಿಷ ಇಲ್ಲೇ ನಿಂತು ನೋಡಿ" ಅಂತ ಹೇಳಿ, ಮಗಳ ಎರಡೂ ಕೈ ಹಿಡಿದುಕೊಂಡು ಮಂಡಿ ಸ್ವಲ್ಪ ಬಗ್ಗಿಸಲು ಹೇಳಿದೆ. ಮಂಡಿ ಬಗ್ಗಿದ ತಕ್ಷಣ ಬೋರ್ಡ್ ಅಲುಗಾಡುವುದು ನಿಂತಿತು. ಅವಳು ನನ್ನ ಒಂದು ಕೈ ಬಿಟ್ಟಳು.

ಈ ವರ್ಷದ ಶಿಬಿರ ಮುಗಿದ ಮೇಲೆ ಎಣಿಸಿದೆ. ಬೋರ್ಡ್ ಅಷ್ಟೇ, ಮಕ್ಕಳು ಹೆಚ್ಚುಕಮ್ಮಿ ಅಷ್ಟೇ. ಹಾಳಾದ ಬುಶ್ 9. ಬಳೆ ಗಾಯದ್ದು ಎರಡೇ, ಉಳಿದ ಏಳೂ ತೂತು ಹಿಗ್ಗಿದವು. ಥ್ರೆಡ್ಡಿನ ಮೇಲೆ ಟೆಫ್ಲಾನ್ ಟೇಪ್ ಸುತ್ತಿ ನೋಡಿದ್ದೆ, ಎರಡು ದಿನಕ್ಕೆ ಎಳೆ ಎಳೆಯಾಗಿ ಹೊರಬಂತು. ಈಗ ವೈರಿಂಗಿಗೆ ಬಳಸುವ, ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಕೊಳವೆಯನ್ನು ನಟ್ ಕೂರುವ ಜಾಗ ಬಿಟ್ಟು ಕೆಳಗೆ ಮಾತ್ರ ಹಾಕಿ, ನಾಲ್ಕು ಬೋರ್ಡ್ ಓಡಿಸುತ್ತಿದ್ದೇನೆ. ಪ್ರತಿ ಸೋಮವಾರ ಬಿಚ್ಚಿ ನೋಡುತ್ತೇನೆ. ಐದು ವಾರ ಆಯಿತು, ಮೂರರಲ್ಲಿ ಕೊಳವೆ ಹಾಗೇ ಇದೆ, ಒಂದರಲ್ಲಿ ಸುಕ್ಕುಗಟ್ಟಿ ಮೇಲೆ ಸರಿದಿದೆ.