ಶುಲ್ಕವಿಲ್ಲದ ಕಡತ

ಕಂಪನಿಗಳ ವಿಲೀನ, ಸಾಲಪತ್ರ, ಷೇರುದಾರರ ಒಪ್ಪಂದ ಇವುಗಳಲ್ಲೇ ದಿನ ಕಳೆಯುವ ನನ್ನಂಥ ವಾಣಿಜ್ಯ ವಕೀಲರು ಉಚಿತ ಸೇವೆಗೆ ಇಳಿಯುವಾಗ, ಮನೆ ತೆರವಿನ ನೋಟಿಸು ಪಡೆದ ಬಾಡಿಗೆದಾರನ ಪರವಾಗಿ ವಾದಿಸುವ ಅನುಭವ ತಮಗಿಲ್ಲವೆಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ಅಮೆರಿಕದ ವಕೀಲರ ಸಂಘದ ಮಾದರಿ ನಿಯಮ 6.1 ವರ್ಷಕ್ಕೆ ಕನಿಷ್ಠ 50 ಗಂಟೆಗಳ ಉಚಿತ ಸೇವೆಯನ್ನು ಅಪೇಕ್ಷಿಸುತ್ತದೆ. ಅದು ಕಡ್ಡಾಯವಲ್ಲ, ಆಶಯ ಮಾತ್ರ. ಆರಾರು ನಿಮಿಷಕ್ಕೂ ಲೆಕ್ಕ ಬರೆಯುವ ನಮಗೆ ಗಂಟೆ ಎಣಿಸುವುದು ಸುಲಭ. ಆ ಗಂಟೆಗಳಲ್ಲಿ ಏನು ಮಾಡಿದೆವೆಂಬುದು ಕಷ್ಟದ ಪ್ರಶ್ನೆ.

ಶಾಲೆಯ ಗೋಡೆಗೆ ಬಣ್ಣ ಬಳಿಯುವುದು, ಸಸಿ ನೆಡುವುದು ಒಳ್ಳೆಯ ಸ್ವಯಂಸೇವೆಯೇ ಆದರೂ ಕಾನೂನು ಸೇವೆಯಲ್ಲ. ನಮ್ಮ ಕೌಶಲ ನಿಜಕ್ಕೂ ಬೇಕಾಗುವುದು ಸಣ್ಣ ಸೇವಾಸಂಸ್ಥೆಗಳಿಗೆ: ಅವುಗಳ ಬೈಲಾ, ಅಂದರೆ ಆಂತರಿಕ ನಿಯಮಾವಳಿ, ರಚಿಸಲು, ಕಚೇರಿಯ ಬಾಡಿಗೆ ಕರಾರಿನಲ್ಲಿ ಅಡಗಿರುವ ಅಪಾಯಕಾರಿ ಷರತ್ತುಗಳನ್ನು ಗುರುತಿಸಲು, ದಾನಿಯು ಹಣವನ್ನು ಹಿಂದಕ್ಕೆ ಕೇಳಬಹುದಾದ ಸಂದರ್ಭಗಳನ್ನು ಒಪ್ಪಂದದಲ್ಲೇ ಮಿತಿಗೊಳಿಸಲು. ಹಿತಾಸಕ್ತಿ ಸಂಘರ್ಷದ ಪರಿಶೀಲನೆ, ಅಂದರೆ ಹೊಸ ಕಕ್ಷಿದಾರರ ಹಿತ ನಮ್ಮ ಇತರ ಕಕ್ಷಿದಾರರ ಹಿತಕ್ಕೆ ಎದುರಾಗುತ್ತದೆಯೇ ಎಂದು ನೋಡುವುದು, ಇಲ್ಲಿಯೂ ತಪ್ಪುವುದಿಲ್ಲ.

ಶುಲ್ಕ ಕೊಡುವ ಕಕ್ಷಿದಾರರ ಕೆಲಸ ಬಂದೊಡನೆ ಉಚಿತ ಕಡತ ಬದಿಗೆ ಸರಿಯುತ್ತದೆ; ನಾನೂ ಹಾಗೆ ಸರಿಸಿದವನೇ. ಗಡುವು ಮೀರಿದರೆ ಆಗುವ ನಷ್ಟ ಎರಡೂ ಕಡತಗಳಲ್ಲಿ ಒಂದೇ ಆದ್ದರಿಂದ, ಈಗ ಉಚಿತ ಕೆಲಸಕ್ಕೂ ಅದರ ವ್ಯಾಪ್ತಿಯನ್ನು ಲಿಖಿತವಾಗಿ ತಿಳಿಸಿ, ಆ ಕ್ಷೇತ್ರ ಬಲ್ಲ ಹಿರಿಯರೊಬ್ಬರ ಮೇಲ್ವಿಚಾರಣೆಯನ್ನು ಗೊತ್ತುಮಾಡಿಕೊಂಡೇ ಕಡತ ತೆರೆಯುತ್ತೇನೆ.