ಯೆಜ್ಡಿಗೆ ಹೊಸ ತಗಡು ಕೂರಲಿಲ್ಲ

ಮಾವನ ಹಳೇ ಯೆಜ್ಡಿ ಬೈಕನ್ನು ಮತ್ತೆ ರಸ್ತೆಗೆ ಇಳಿಸಲು ಹೊರಟಾಗ ನನಗಿದ್ದ ಭಯವೆಲ್ಲ ಎಂಜಿನ್‌ದೇ. ಆದರೆ ಅದು ಸಲೀಸಾಗಿ ಮುಗಿಯಿತು. ಯೆಜ್ಡಿ ತಯಾರಿಸುತ್ತಿದ್ದ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿದ್ದರೂ, ಆ ಎಂಜಿನ್ನನ್ನು ಕಣ್ಮುಚ್ಚಿ ಬಿಚ್ಚಿ ಜೋಡಿಸುವ ಹಿರಿಯ ಮೆಕ್ಯಾನಿಕ್‌ಗಳು ಮೈಸೂರಿನಲ್ಲಿ ಇನ್ನೂ ಇದ್ದಾರೆ. ತೊಂದರೆ ಕೊಟ್ಟಿದ್ದು ತಗಡಿನ ಕೆಲಸ.

ಮುಂದಿನ ಮಡ್‌ಗಾರ್ಡಿನ ಕೆಳ ಅಂಚು ತುಕ್ಕು ತಿಂದು ಜಾಲರಿಯಾಗಿತ್ತು. ಚೈನ್ ಕವರ್‌ದೂ ಅದೇ ಪಾಡು. ಯೆಜ್ಡಿಯ ಚೈನ್ ಪೂರ್ತಿ ತಗಡಿನೊಳಗೇ ಓಡುತ್ತದೆ. ಮೇಲೊಂದು ಹೋಳು, ಕೆಳಗೊಂದು ಹೋಳು. ನೀರು, ಮಣ್ಣು, ಗ್ರೀಸ್ ಎಲ್ಲ ಕೆಳಗಿನ ಹೋಳಿನಲ್ಲೇ ನಿಲ್ಲುವುದರಿಂದ ಮೊದಲು ಕೊಳೆಯುವುದೂ ಅದೇ. ಬೆಂಗಳೂರಿನ ಒಂದು ಅಂಗಡಿಯಲ್ಲಿ ಎರಡಕ್ಕೂ ಹೊಸದು ಸಿಕ್ಕಿತು. "ಎಲ್ಲಾ ಮಾಡೆಲ್‌ಗೂ ಕೂರುತ್ತೆ ಸಾರ್" ಅಂದರು.

ಹೊಸದನ್ನು ನೋಡಿದ ಕೂಡಲೇ ಪೇಂಟ್‌ಗೆ ಕೊಟ್ಟುಬಿಡೋಣ ಅನ್ನಿಸುವುದು ಸಹಜ. ತಗಡಿನ ಕೆಲಸ ಮಾಡುವ ನಮ್ಮ ಟಿಂಕರ್ ಅಣ್ಣ ಒಪ್ಪಲಿಲ್ಲ. "ಮೊದಲು ಬರೀ ತಗಡಲ್ಲೇ ಪೂರ್ತಿ ಗಾಡಿ ಕಟ್ಟೋಣ ಸ್ವಾಮಿ. ಚಕ್ರ, ಚೈನು, ಸೈಲೆನ್ಸರ್ ಎಲ್ಲಾ ಹಾಕಿ ನೋಡೋಣ. ಪೇಂಟ್ ಹೊಡೆದ್ಮೇಲೆ ಸುತ್ತಿಗೆ ಮುಟ್ಟೋ ಹಾಗಿಲ್ಲ" ಅಂದರು. ಆ ಒಂದು ಮಾತು ಎಷ್ಟು ದುಡ್ಡು ಉಳಿಸಿತು ಅಂತ ಆಮೇಲೆ ಗೊತ್ತಾಯಿತು.

ಮಡ್‌ಗಾರ್ಡನ್ನು ಫೋರ್ಕಿಗೆ, ಅಂದರೆ ಮುಂದಿನ ಚಕ್ರ ಹಿಡಿದಿರುವ ಜೋಡಿ ಕೊಳವೆಗಳಿಗೆ, ಹಿಡಿದರೆ ಎಡಗಡೆಯ ಬೋಲ್ಟ್ ಸರಾಗವಾಗಿ ಹೋಯಿತು. ಬಲಗಡೆಯ ತೂತು ಅರ್ಧ ಮುಚ್ಚಿಕೊಂಡಿತ್ತು. ಹೇಗೋ ಎಳೆದು ಬಿಗಿದೆವು. ಆದರೆ ಟೈರ್ ಪಕ್ಕ ಒಂದು ಕಡೆ ಎರಡು ಬೆರಳು ಆರಾಮಾಗಿ ತೂರುತ್ತಿದ್ದವು, ಇನ್ನೊಂದು ಕಡೆ ಒಂದೇ ಬೆರಳಿಗೂ ಜಾಗ ಇಲ್ಲ. ಟಿಂಕರ್ ಅಣ್ಣ ಮಡ್‌ಗಾರ್ಡಿನ ನಡುವೆ ಉದ್ದಕ್ಕೂ ದಾರ ಹಿಡಿದು ಕೆಳಗೆ ಬಗ್ಗಿ ನೋಡಿದರು. ತಗಡು ಸರಿಯಾಗೇ ಇತ್ತು. ಒಳಗಡೆ ಸ್ಪಾಟ್ ವೆಲ್ಡ್ ಮಾಡಿದ್ದ ಬ್ರಾಕೆಟ್ ಓರೆಯಾಗಿತ್ತು. ಚಕ್ರ ನೆಟ್ಟಗಿದ್ದರೂ ಎದುರಿನಿಂದ ನೋಡಿದವರಿಗೆ ಗಾಡಿಯೇ ವಾಲಿದಂತೆ ಕಾಣುತ್ತಿತ್ತು.

ಫೋರ್ಕಿನ ತೂತನ್ನೇ ಅರ ಹಾಕಿ ಅಗಲ ಮಾಡಿದರೆ ಕೂರುತ್ತೆ ಅಂತ ಅಲ್ಲಿದ್ದ ಒಬ್ಬರು ಹೇಳಿದರು. ಇದನ್ನು ಮಾತ್ರ ದಯವಿಟ್ಟು ಯಾರೂ ಮಾಡಬೇಡಿ. ಫ್ರೇಮು, ಫೋರ್ಕು ಕಾರ್ಖಾನೆಯಿಂದ ಬಂದ ಅಳತೆಯಲ್ಲೇ ಇರಬೇಕು. ತಪ್ಪಿರುವುದು ಹೊಸ ತಗಡು. ತಿದ್ದಬೇಕಾದದ್ದೂ ಅದನ್ನೇ. ಗಾಡಿಯ ತೂತು ಒಮ್ಮೆ ದೊಡ್ಡದಾದರೆ ನಾಳೆ ಒರಿಜಿನಲ್ ಪಾರ್ಟ್ ಸಿಕ್ಕರೂ ಅದು ಅಲ್ಲಾಡುತ್ತದೆ.

ಚೈನ್ ಕವರ್ ಇನ್ನೂ ಕಷ್ಟ ಕೊಟ್ಟಿತು. ಹಿಂದಿನ ಬೋಲ್ಟ್ ಬಿಗಿದರೆ ಮುಂದೆ ಬಾಯಿ ಬಿಡುತ್ತಿತ್ತು. ಮುಂದಿನದು ಬಿಗಿದರೆ ಹಿಂದೆ. ಎರಡನ್ನೂ ಬಿಗಿದು ಚಕ್ರ ತಿರುಗಿಸಿದರೆ ಒಳಗಡೆ ಚೈನ್ ಕರಕರ ಅಂತ ತಗಡಿಗೆ ಉಜ್ಜುತ್ತಿತ್ತು. ಬಿಚ್ಚಿ ನೋಡಿದರೆ ಕೆಳಗಿನ ಹೋಳಿನ ಒಳಮೈಯಲ್ಲಿ ಆಗಲೇ ಬೆಳ್ಳಗೆ ಹೊಳೆಯುವ ಗೀರು. ತಗಡೂ ತೆಳು. ಟಿಂಕರ್ ಅಣ್ಣ ಹೆಬ್ಬೆರಳಲ್ಲಿ ಒತ್ತಿ "22 ಗೇಜ್ ಇರಬಹುದು" ಅಂದರು. ಅಂದ್ರೆ ಮುಕ್ಕಾಲು ಮಿಲಿಮೀಟರ್ ದಪ್ಪ. ಪಕ್ಕದಲ್ಲಿದ್ದ ಹಳೇ ಹೋಳು, ತೂತು ಬಿದ್ದದ್ದು, ಒತ್ತಿದರೂ ಜಗ್ಗಲಿಲ್ಲ.

ಯಾಕೆ ಹೀಗೆ ಅಂತ ಅವರನ್ನೇ ಕೇಳಿದೆ. ಅವರು ಕಂಡಂತೆ, ಇಂಥ ತಗಡನ್ನು ಬಹಳ ಸಲ ಯಾವುದೋ ಹಳೇ ಗಾಡಿಯಿಂದ ಬಿಚ್ಚಿದ ಪಾರ್ಟ್ ನೋಡಿ ಅಚ್ಚು ಮಾಡಿ ಒತ್ತುತ್ತಾರಂತೆ. ಆ ಪಾರ್ಟ್ ಎಲ್ಲೋ ಬಿದ್ದು ಸೊಟ್ಟಗಾಗಿದ್ದರೆ ಆ ಸೊಟ್ಟೂ ಅಚ್ಚಿಗೆ ಬರುತ್ತದೆ. ಅಚ್ಚು ಸವೆದರೆ ಅಂಚಿನ ಮಡಿಕೆ ಮೊಂಡಾಗುತ್ತದೆ. ಮೇಲಾಗಿ ಜಾವಾ ಹೆಸರು 1970ರ ದಶಕದಲ್ಲಿ ಯೆಜ್ಡಿ ಆಯಿತು, 1978ರಲ್ಲಿ ರೋಡ್‌ಕಿಂಗ್ ಮಾಡೆಲ್ ಬಂತು. ಇಷ್ಟೂ ವರ್ಷಗಳ ಗಾಡಿಗೆ ಒಂದೇ ತಗಡು ಕೂರಬೇಕು ಅಂದರೆ ಹೇಗೆ?

ಕೊನೆಗೆ ದಾರಿ ಸಿಕ್ಕಿದ್ದು ಮೂಲೆಗೆ ಎಸೆದಿದ್ದ ಹಳೇ ಮಡ್‌ಗಾರ್ಡಿನಲ್ಲಿ. ಅದರ ಬ್ರಾಕೆಟ್ ಗಟ್ಟಿಯಾಗಿತ್ತು, ಮೇಲಿನ ಬಾಗು ಚೂರೂ ಕೆಟ್ಟಿರಲಿಲ್ಲ. ಕೊಳೆತ ಅಂಚನ್ನಷ್ಟೇ ಕತ್ತರಿಸಿ ತೆಗೆದರು. ಹೊಸದರ ಕೆಳ ಅಂಚಿನಿಂದ ಅದೇ ಅಳತೆಯ ಪಟ್ಟಿ ಕತ್ತರಿಸಿ ಸಿಓಟು ವೆಲ್ಡಿಂಗ್‌ನಲ್ಲಿ ಸೇರಿಸಿದರು. ಒಂದೇ ಉದ್ದಕ್ಕೆ ಎಳೆಯಲಿಲ್ಲ. ಇಲ್ಲೊಂದು ಚುಕ್ಕಿ, ಅಲ್ಲೊಂದು ಚುಕ್ಕಿ, ನಡುವೆ ತಣ್ಣಗಾಗಲು ಬಿಡುವುದು. ತೆಳು ತಗಡಿಗೆ ಬಿಸಿ ಜಾಸ್ತಿಯಾದರೆ ಹಪ್ಪಳದ ಹಾಗೆ ಏಳುತ್ತದೆ. ಆಮೇಲೆ ಒಳಗೆ ಡಾಲಿ (ಸುತ್ತಿಗೆ ಏಟಿಗೆ ಆಸರೆಯಾಗುವ ಕಬ್ಬಿಣದ ಗಟ್ಟಿ) ಹಿಡಿದು ಹೊರಗಿನಿಂದ ಸಣ್ಣಗೆ ತಟ್ಟಿ ಗೆರೆ ಮಾಯ ಮಾಡಿದರು. ಪುಟ್ಟಿ ಬೇಕಾಗಿದ್ದು ಉಗುರಿನ ದಪ್ಪಕ್ಕಿಂತ ಕಡಿಮೆ. ಈಗ ಟೈರಿನ ಎರಡೂ ಪಕ್ಕ ಸಮ ಜಾಗ.

ಅಂಗಡಿಯವರು ಹೊಸ ಚೈನ್ ಕವರ್ ವಾಪಸ್ ತೆಗೆದುಕೊಳ್ಳಲಿಲ್ಲ. ಗೀರು ಬಿದ್ದಿದೆಯಲ್ಲ ಅಂದರು. ಮೇಲಿನ ಹೋಳು ಹಳೆಯದನ್ನೇ ಉಳಿಸಿಕೊಂಡಿದ್ದೇವೆ. ಕೆಳಗಿನದು ಮಾತ್ರ ತೇಪೆ ಹಾಕಲೂ ಆಗದಷ್ಟು ಹೋಗಿದೆ, ಅದಕ್ಕಾಗಿ ಪೇಂಟ್ ಕೆಲಸ ನಿಲ್ಲಿಸಿ ಕಾಯುತ್ತಿದ್ದೇನೆ. ಮೈಸೂರು, ಮಂಡ್ಯ ಕಡೆ ಯಾರ ಮನೆಯ ಅಟ್ಟದಲ್ಲಾದರೂ ಒರಿಜಿನಲ್ ಹೋಳು ಬಿದ್ದಿದ್ದರೆ ಗುಜರಿಗೆ ಹಾಕಬೇಡಿ. ತುಕ್ಕು ಹಿಡಿದಿದ್ದರೂ ಪರವಾಗಿಲ್ಲ, ಬೋಲ್ಟಿನ ತೂತುಗಳು ಸರಿಯಿದ್ದರೆ ಸಾಕು, ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ.