ಎದೆಹಾಲು ಮಾತ್ರ ಎಂಬ ನಿರ್ಧಾರ ಬಾಣಂತನದ ಕೋಣೆಯಲ್ಲಿ ಯಾಕೆ ಸಡಿಲವಾಗುತ್ತದೆ?

ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಕೊಡುವುದಿಲ್ಲ ಎಂದು ಚೊಚ್ಚಲ ಬಸುರಿಯರು ಮನಸ್ಸು ಮಾಡಿಕೊಂಡೇ ಇರುತ್ತಾರೆ. ಆಶಾ ಕಾರ್ಯಕರ್ತೆ ಹೇಳಿರುತ್ತಾರೆ, ತಾಯಿ ಕಾರ್ಡ್‌ನಲ್ಲೂ ಇರುತ್ತದೆ. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಆರು ತಿಂಗಳೊಳಗಿನ ಕೂಸುಗಳಲ್ಲಿ ಎದೆಹಾಲು ಮಾತ್ರ ಕುಡಿಯುತ್ತಿದ್ದದ್ದು ಶೇ. 63.7.

ಬಾಣಂತಿಯ ಮನಸ್ಸನ್ನು ಗಟ್ಟಿ ಮಾಡುವವರೂ ಅಲುಗಾಡಿಸುವವರೂ ಮನೆಯ ಹಿರಿಯ ಹೆಂಗಸರು. ಹುಟ್ಟಿದ ಕೂಡಲೇ ಜೇನುತುಪ್ಪ, ಸಕ್ಕರೆ ನೀರು, ಆಮೇಲೆ ಹರಳೆಣ್ಣೆ, ಬಜೆ, ಗ್ರೈಪ್ ವಾಟರ್: ಎಲ್ಲವೂ ಪ್ರೀತಿಯಿಂದಲೇ ಬರುತ್ತವೆ. ಹಾಗಾಗಿ ಬಸುರಿಯೊಬ್ಬಳಿಗೇ ಬುದ್ಧಿ ಹೇಳಿ ಕಳಿಸಿದರೆ ಪ್ರಯೋಜನ ಕಡಿಮೆ. ಏಳು, ಎಂಟನೇ ತಿಂಗಳ ತಪಾಸಣೆಗೆ ಬಾಣಂತನ ಮಾಡುವ ಅಮ್ಮನನ್ನೋ ಅತ್ತೆಯನ್ನೋ ಜೊತೆಗೆ ಕರೆದುಕೊಂಡು ಹೋಗಿ, ಡಾಕ್ಟರ ಬಾಯಿಂದಲೇ ಕೇಳಿಸಿ. ಜೇನುತುಪ್ಪದಲ್ಲಿ ಬಾಟುಲಿಸಂ ಎಂಬ ರೋಗದ ಬೀಜಾಣು ಇರಬಹುದು, ಒಂದು ವರ್ಷ ತುಂಬುವವರೆಗೆ ಕೊಡಬಾರದು ಎಂದು ಕಾರಣ ಬಿಡಿಸಿ ಹೇಳಿದರೆ ಅಜ್ಜಿಯರು ಒಪ್ಪುತ್ತಾರೆ. ಬೇಸಿಗೆಯಲ್ಲೂ ನೀರು ಬೇಡ, ಎದೆಹಾಲಿನಲ್ಲಿ ಶೇ. 87ಕ್ಕಿಂತ ಹೆಚ್ಚು ನೀರೇ ಇರುತ್ತದೆ. ಡಾಕ್ಟರು ಬರೆದುಕೊಟ್ಟ ವಿಟಮಿನ್ ಡಿ ಹನಿ, ಔಷಧಿ ಕೊಡಬಹುದು.

ನಿಜವಾದ ಪರೀಕ್ಷೆ ಎರಡನೇ ರಾತ್ರಿ. ಕೂಸು ಬಿಡದೆ ಅಳುತ್ತದೆ, ಎದೆ ಇನ್ನೂ ಮೆತ್ತಗಿರುತ್ತದೆ, "ಇವಳಿಗೆ ಹಾಲೇ ಇಲ್ಲ" ಅಂತ ಯಾರೋ ಅಂದುಬಿಡುತ್ತಾರೆ. ಹಾಲು ತುಂಬಿ ಬರುವುದು ಸಾಮಾನ್ಯವಾಗಿ ಎರಡರಿಂದ ನಾಲ್ಕನೇ ದಿನ, ಸಿಸೇರಿಯನ್ ಆದವರಿಗೆ ಒಂದೆರಡು ದಿನ ತಡವಾಗಬಹುದು. ಅಲ್ಲಿಯವರೆಗೆ ಬರುವ ಹಳದಿ ಹಾಲು ಚಮಚದಷ್ಟೇ ಆದರೂ ಸಾಕು, ಮೊದಲ ದಿನ ಕೂಸು ಒಂದು ಸಲಕ್ಕೆ ಕುಡಿಯುವುದೇ ಅಷ್ಟು. ಈ ಹೊತ್ತಿನಲ್ಲಿ ಡಬ್ಬಿ ಹಾಲು ಕೊಟ್ಟರೆ ಕೂಸು ಎದೆ ಚೀಪುವುದು ಕಡಿಮೆ ಮಾಡುತ್ತದೆ. ಚೀಪದಿದ್ದರೆ ಹಾಲು ಹೆಚ್ಚುವುದಿಲ್ಲ, ಹಾಲಿಲ್ಲ ಎಂಬ ಮಾತು ಆಗ ನಿಜವೇ ಆಗುತ್ತದೆ.

ಎದೆಗೆ ಹಿಡಿಸುವ ರೀತಿ ಗೊತ್ತಿದ್ದರೆ ಧೈರ್ಯ ತಾನಾಗಿ ಬರುತ್ತದೆ. ಕೂಸಿನ ಹೊಟ್ಟೆ ನಿಮ್ಮ ಮೈಗೆ ತಾಗಿರಲಿ. ಕಿವಿ, ಭುಜ, ಸೊಂಟ ಒಂದೇ ಗೆರೆಯಲ್ಲಿರಲಿ. ಮೂಗು ತೊಟ್ಟಿನ ಎದುರಿಗೆ ಬರಲಿ. ಬಾಯಿ ಆಕಳಿಸುವಷ್ಟು ಅಗಲವಾದಾಗ ಕೂಸನ್ನೇ ಎದೆಯತ್ತ ತನ್ನಿ, ನೀವು ಬಗ್ಗಬೇಡಿ. ಗದ್ದ ಎದೆಗೆ ಒತ್ತಿರಬೇಕು, ಕೆಳತುಟಿ ಹೊರಕ್ಕೆ ಮಡಚಿರಬೇಕು, ತೊಟ್ಟಿನ ಸುತ್ತಲಿನ ಕಪ್ಪು ಭಾಗ ಕೆಳಗಿಗಿಂತ ಮೇಲೆ ಹೆಚ್ಚು ಕಾಣಬೇಕು. ಬರೀ ತೊಟ್ಟನ್ನೇ ಕಚ್ಚಿಕೊಂಡರೆ ಬಿರುಕು ಬಿಟ್ಟು ರಕ್ತ ಬರುತ್ತದೆ. ಎಷ್ಟೋ ಜನ ಸೋಲುವುದು ಈ ನೋವಿಗೇ. ಕಿರುಬೆರಳನ್ನು ಬಾಯಿಯ ಅಂಚಿನಿಂದ ತೂರಿಸಿ ಬಿಡಿಸಿ, ಮತ್ತೆ ಹಿಡಿಸಿ.

ಹಾಲು ಸಾಲುತ್ತಿದೆಯೇ ಎಂದು ಅಳುವಿನಿಂದ ಅಳೆಯಬೇಡಿ. ದಿನಕ್ಕೆ 8ರಿಂದ 12 ಸಲ ಕುಡಿಸಬೇಕು. ಐದನೇ ದಿನದ ನಂತರ 24 ಗಂಟೆಯಲ್ಲಿ ಆರು ಸಲವಾದರೂ ಉಚ್ಚೆ ಹೋಗಬೇಕು. ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿಯುತ್ತದೆ, ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ಮರಳಬೇಕು. ಶೇ. 10ಕ್ಕಿಂತ ಹೆಚ್ಚು ಇಳಿದರೆ, ಕೂಸು ಎಬ್ಬಿಸಿದರೂ ಕುಡಿಯದಿದ್ದರೆ, ಉಚ್ಚೆ ಕಡಿಮೆಯಾದರೆ ತಡಮಾಡದೆ ಮಕ್ಕಳ ಡಾಕ್ಟರಿಗೆ ತೋರಿಸಿ. ಅವರು ಮೇಲುಹಾಲು ಹೇಳಿದರೆ ಕೊಡಿ, ಅದರಲ್ಲಿ ತಾಯಿಯ ತಪ್ಪಿಲ್ಲ.

ಇನ್ನು ಕೆಲಸ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳದ ಹೆರಿಗೆ ರಜೆ ಇದೆ, ಆದರೆ ಕೂಲಿ ಮಾಡುವವರಿಗೆ, ಮನೆಗೆಲಸದವರಿಗೆ ಅದು ಸಾಮಾನ್ಯವಾಗಿ ಸಿಗುವುದಿಲ್ಲ. ಎರಡೇ ತಿಂಗಳಿಗೆ ಕೆಲಸಕ್ಕೆ ಹೋಗಬೇಕಾದವಳು ಆರು ತಿಂಗಳ ಮಾತನ್ನು ನಂಬುವುದಾದರೂ ಹೇಗೆ? ಅವಳಿಗೆ ಕೈಯಿಂದ ಹಾಲು ಹಿಂಡುವುದನ್ನು ಬಾಣಂತನದಲ್ಲೇ ಕಲಿಸಬೇಕು. ಕುದಿಸಿ ಆರಿಸಿದ, ಮುಚ್ಚಳವಿರುವ ಸ್ಟೀಲ್ ಡಬ್ಬಿಗೆ ಹಿಂಡಿಟ್ಟ ಹಾಲು ತಂಪಾದ ಜಾಗದಲ್ಲಿ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ಒಂದು ದಿನ ಇರುತ್ತದೆ. ಬಿಸಿನೀರಿನ ಪಾತ್ರೆಯಲ್ಲಿ ಡಬ್ಬಿ ಇಟ್ಟು ಬೆಚ್ಚಗೆ ಮಾಡಿ, ಒಲೆಯ ಮೇಲೆ ಕಾಯಿಸಬೇಡಿ. ಬಾಟಲಿ ಬೇಡ, ಒಳಲೆಯಲ್ಲೋ (ಕೂಸಿಗೆ ಹಾಲು ಕುಡಿಸುವ, ಮೂತಿಯಿರುವ ಪುಟ್ಟ ಬಟ್ಟಲು) ಚಮಚದಲ್ಲೋ ಕುಡಿಸಿ.